ಕಾರ್ನ್‌ವಾಲಿಸನ ಅಮೃತಶಿಲಾ ವಿಗ್ರಹ: ಒಂದು ಅಧ್ಯಯನ

ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಶಾಸನಗಳನ್ನು ಓದುತ್ತೇವೆ, ನಾಣ್ಯಗಳನ್ನು ಪರೀಕ್ಷಿಸುತ್ತೇವೆ, ಹಳೆಯ ಕಾಗದಪತ್ರಗಳನ್ನು ಹುಡುಕುತ್ತೇವೆ. ಆದರೆ ನಗರದ ಚೌಕಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ನಿಂತಿರುವ ವಿಗ್ರಹಗಳನ್ನು ಮಾತ್ರ ಬರಿಯ ಅಲಂಕಾರವೆಂದು ಭಾವಿಸಿ ಮುಂದೆ ಸಾಗಿಬಿಡುತ್ತೇವೆ. ಇದು ತಪ್ಪು. ವಿಗ್ರಹವೂ ಒಂದು ಬಗೆಯ ಶಾಸನವೇ. ಅದನ್ನು ನಿಲ್ಲಿಸಿದವರ ಮನಸ್ಸು, ಅವರ ಹೆಮ್ಮೆ, ಅವರ ಭಯ, ಅವರು ಮರೆಯಬೇಕೆಂದು ಬಯಸಿದ ಸಂಗತಿ ಎಲ್ಲವೂ ಅದರಲ್ಲಿ ಅಡಗಿರುತ್ತವೆ. ಓದುವ ಕ್ರಮವನ್ನು ತಿಳಿದಿರಬೇಕು, ಅಷ್ಟೆ.

ನಮ್ಮ ನಾಡಿನ ವೀರಗಲ್ಲನ್ನೇ ತೆಗೆದುಕೊಳ್ಳಿರಿ. ಅದನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಲಗೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವರ ಸನ್ನಿಧಿ. ಈ ಕ್ರಮವನ್ನು ಅರಿಯದವನಿಗೆ ಅದು ಬರಿಯ ಗೊಂಬೆಗಳ ಸಾಲಾಗಿ ತೋರುತ್ತದೆ. ಅರಿತವನಿಗೆ ಒಂದು ಊರಿನ ಕಥೆ ತಿಳಿಯುತ್ತದೆ. ಅದೇ ರೀತಿಯಲ್ಲಿ ಮದರಾಸಿನ, ಎಂದರೆ ಇಂದಿನ ಚೆನ್ನೈ ನಗರದ, ಒಂದು ಅಮೃತಶಿಲಾ ವಿಗ್ರಹವನ್ನು ಓದಲು ಪ್ರಕೃತ ಲೇಖನದಲ್ಲಿ ಪ್ರಯತ್ನಿಸಲಾಗಿದೆ. ವಿಗ್ರಹವು ಲಾರ್ಡ್ ಕಾರ್ನ್‌ವಾಲಿಸನದು. ಅದಿರುವುದು ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿ. ಅದರ ಪೀಠದ ಮೇಲೆ ಕೆತ್ತಿರುವ ಕಥೆಯಾದರೋ ನಮ್ಮ ಶ್ರೀರಂಗಪಟ್ಟಣದ್ದು. ಆದುದರಿಂದ ಕನ್ನಡಿಗರಿಗೆ ಅದು ಪರರ ವಿಗ್ರಹವಾದರೂ ಪರರ ಕಥೆಯಲ್ಲ.

ವ್ಯಕ್ತಿಯ ಪರಿಚಯ

ಚಾರ್ಲ್ಸ್ ಕಾರ್ನ್‌ವಾಲಿಸನು 1738ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಜನಿಸಿದನು. ಶ್ರೀಮಂತ ಮನೆತನ, ಸೈನಿಕ ವೃತ್ತಿ. ಅಮೆರಿಕೆಯ ಸ್ವಾತಂತ್ರ್ಯಯುದ್ಧದಲ್ಲಿ ಆಂಗ್ಲ ಸೇನೆಯ ಒಂದು ಭಾಗವನ್ನು ನಡೆಸಿದ ಈತನು 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಅಮೆರಿಕನರಿಗೂ ಫ್ರೆಂಚರಿಗೂ ಶರಣಾಗಬೇಕಾಯಿತು. ಶರಣಾಗತಿಯ ದಿನ ತನಗೆ ಅಸ್ವಸ್ಥವೆಂದು ತಿಳಿಸಿ, ತಾನು ಮುಂದೆ ಬಾರದೆ, ತನ್ನ ಕೈಕೆಳಗಿನ ಓಹಾರಾ ಎಂಬ ಸೇನಾನಿಯನ್ನು ಕಳುಹಿಸಿದನು. ಇಷ್ಟು ದೊಡ್ಡ ಸೋಲಿನ ನಂತರವೂ ಸ್ವದೇಶದಲ್ಲಿ ಈತನ ಗೌರವ ಕುಂದಲಿಲ್ಲವೆಂಬುದು ಗಮನಿಸತಕ್ಕ ವಿಷಯ. 1786ರಲ್ಲಿ ಗವರ್ನರ್ ಜನರಲ್ ಪದವಿಯನ್ನೂ ಸರಸೇನಾಪತಿಯ ಅಧಿಕಾರವನ್ನೂ ಒಟ್ಟಿಗೆ ಹೊತ್ತು ಭಾರತಕ್ಕೆ ಬಂದನು.

ಆಡಳಿತಗಾರನಾಗಿ ಈತನ ಹೆಸರು 1793ರ ಖಾಯಂ ಜಮೀನ್ದಾರಿ ವ್ಯವಸ್ಥೆಯೊಡನೆ ಬೆರೆತುಕೊಂಡಿದೆ. ಬಂಗಾಳ ಮತ್ತು ಬಿಹಾರ ಪ್ರಾಂತಗಳಲ್ಲಿ ಜಮೀನ್ದಾರರು ಸರ್ಕಾರಕ್ಕೆ ಕೊಡಬೇಕಾದ ಕಂದಾಯವನ್ನು ಶಾಶ್ವತವಾಗಿ ಗೊತ್ತುಮಾಡಲಾಯಿತು. ಕಂದಾಯದ ಅಧಿಕಾರವನ್ನೂ ನ್ಯಾಯವಿಚಾರಣೆಯ ಅಧಿಕಾರವನ್ನೂ ಬೇರ್ಪಡಿಸಲಾಯಿತು. ಕಂಪನಿಯ ನೌಕರರ ಸಂಬಳವನ್ನು ಹೆಚ್ಚಿಸಿ ಅವರ ಖಾಸಗಿ ವ್ಯಾಪಾರಕ್ಕೂ ಲಂಚಕ್ಕೂ ತಡೆಯೊಡ್ಡಲಾಯಿತು. ಇವೆಲ್ಲವೂ ಈತನ ಖಾತೆಗೆ ಸೇರುತ್ತವೆ. ಅದೇ ಖಾತೆಯ ಇನ್ನೊಂದು ಪುಟದಲ್ಲಿ, ಭಾರತೀಯರಿಗೆ ಉನ್ನತ ಹುದ್ದೆಗಳ ಬಾಗಿಲನ್ನು ಮುಚ್ಚಿದ ನೀತಿಯನ್ನೂ ಬರೆಯಬೇಕಾಗುತ್ತದೆ. 1805ರಲ್ಲಿ ಎರಡನೆಯ ಬಾರಿ ಗವರ್ನರ್ ಜನರಲ್ ಆಗಿ ಬಂದವನು ಕೆಲವೇ ತಿಂಗಳಲ್ಲಿ, ಅಕ್ಟೋಬರ್ 5ರಂದು, ಗಾಜಿಪುರದಲ್ಲಿ ಮೃತನಾದನು. ಸಮಾಧಿಯೂ ಅಲ್ಲಿಯೇ ಇದೆ.

ಪೀಠದ ಹಿಂದಿನ ಯುದ್ಧ

ಮೂರನೆಯ ಮೈಸೂರು ಯುದ್ಧದ ಸ್ಥೂಲ ಪರಿಚಯವಿಲ್ಲದೆ ಈ ವಿಗ್ರಹದ ಪೀಠವನ್ನು ಓದಲಾಗದು. 1789ರ ಕೊನೆಯಲ್ಲಿ ಟಿಪ್ಪು ಸುಲ್ತಾನನು ತಿರುವಾಂಕೂರಿನ ರಕ್ಷಣಾಸಾಲಿನ ಮೇಲೆ ದಾಳಿ ಮಾಡಿದನು. ಕಂಪನಿಯು ನಿಜಾಮನನ್ನೂ ಮರಾಠರನ್ನೂ ಕೂಡಿಸಿಕೊಂಡು ಯುದ್ಧಕ್ಕೆ ನಿಂತಿತು. 1790ರಲ್ಲಿ ಜನರಲ್ ಮೆಡೋಸನು ನಡೆಸಿದ ದಂಡಯಾತ್ರೆಯಿಂದ ಹೆಚ್ಚಿನ ಫಲ ಸಿಕ್ಕಲಿಲ್ಲ. ಆಗ ಕಾರ್ನ್‌ವಾಲಿಸನೇ ಮದರಾಸಿಗೆ ಬಂದು ಸೇನೆಯ ನಾಯಕತ್ವ ವಹಿಸಿದನು.

1791ರ ಮಾರ್ಚ್ ತಿಂಗಳಲ್ಲಿ ಮೊದಲು ಬೆಂಗಳೂರಿನ ಪೇಟೆಯೂ, 21ರ ರಾತ್ರಿ ಕೋಟೆಯೂ ಆಂಗ್ಲರ ವಶವಾದವು. ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹದ್ದೂರ್ ಖಾನನು ಹೋರಾಡುತ್ತಲೇ ಮಡಿದನು. ಗೋಡೆ ಒಡೆದ ಸ್ಥಳವನ್ನು ಸೂಚಿಸುವ ಫಲಕವನ್ನು ಬೆಂಗಳೂರು ಕೋಟೆಯಲ್ಲಿ ಈಗಲೂ ನೋಡಬಹುದು. ಅಲ್ಲಿಂದ ಶ್ರೀರಂಗಪಟ್ಟಣದ ಕಡೆಗೆ ಸಾಗಿದ ಸೇನೆ ಮೇ ತಿಂಗಳಲ್ಲಿ ಅರಕೆರೆಯ ಬಳಿ ಯುದ್ಧವನ್ನು ಗೆದ್ದಿತು. ಗೆದ್ದರೂ ಮುಂದುವರಿಯಲಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ರೋಗದಿಂದ ಸತ್ತವು, ದವಸ ಮುಗಿಯಿತು. ಎಳೆಯಲು ಎತ್ತುಗಳಿಲ್ಲದೆ ಕೋಟೆ ಒಡೆಯುವ ಭಾರಿ ತೋಪುಗಳನ್ನು ತಾವೇ ಕೆಡಿಸಿ ಕಾರ್ನ್‌ವಾಲಿಸನು ಹಿಂದಿರುಗಬೇಕಾಯಿತು. ಅಂದು ದಾರಿಯಲ್ಲಿ ಮರಾಠರ ದಂಡು ದವಸದೊಡನೆ ಬಂದು ಕೂಡಿಕೊಳ್ಳದಿದ್ದರೆ ಆ ಸೇನೆಯ ಗತಿ ಏನಾಗುತ್ತಿತ್ತೋ ಹೇಳಲಾಗದು.

ಅದೇ ವರ್ಷದ ಕೊನೆಯಲ್ಲಿ ನಂದಿದುರ್ಗ, ಸಾವನದುರ್ಗಗಳು ಬಿದ್ದವು. 1792ರ ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ನೆಲೆಗಳ ಮೇಲೆ ಮುತ್ತಿಗೆ ನಡೆಯಿತು. ಕೆಲವೇ ದಿನಗಳಲ್ಲಿ ಟಿಪ್ಪು ಸಂಧಿಗೆ ಒಪ್ಪಿದನು. ಷರತ್ತುಗಳು ಕಠೋರವಾಗಿದ್ದವು. ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕು. ಅದರಲ್ಲಿ ಅರ್ಧ ಕೂಡಲೇ, ಉಳಿದರ್ಧ ಕಂತುಗಳಲ್ಲಿ. ಸೆರೆಯಾಳುಗಳನ್ನು ಬಿಡಬೇಕು. ಇವೆಲ್ಲ ನೆರವೇರುವ ತನಕ ಸುಲ್ತಾನನ ಇಬ್ಬರು ಗಂಡುಮಕ್ಕಳು ಒತ್ತೆಯಾಳುಗಳಾಗಿರಬೇಕು. ಬಾರಾಮಹಲ್, ದಿಂಡಿಗಲ್, ಮಲಬಾರುಗಳು ಕಂಪನಿಗೆ ಸೇರಿದವು. ಕೊಡಗು ಕಂಪನಿಯ ರಕ್ಷಣೆಗೆ ಒಳಪಟ್ಟಿತು. ಮರಾಠರ ಗಡಿ ತುಂಗಭದ್ರೆಯವರೆಗೆ ಬಂದಿತು. ನಿಜಾಮನಿಗೂ ಪಾಲು ಸಿಕ್ಕಿತು.

ಶಿಲೆಯಲ್ಲಿ ಮೂಡಿದ ಮಕ್ಕಳು

ಒತ್ತೆಯಾಳುಗಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಆ ಇಬ್ಬರು ಬಾಲಕರಿಗೆ ಸುಮಾರು ಹತ್ತು ಮತ್ತು ಎಂಟು ವರ್ಷ ವಯಸ್ಸು ಎಂದು ಆ ಕಾಲದ ಆಂಗ್ಲ ಬರಹಗಾರರು ತಿಳಿಸಿದ್ದಾರೆ. 1792ರ ಫೆಬ್ರುವರಿ 26ರಂದು ಅವರು ಬಿಳಿಯ ಮಸ್ಲಿನ್ ಉಡುಪು ತೊಟ್ಟು, ಆನೆಗಳ ಮೇಲೆ ಕುಳಿತು, ತೋಪುಗಳ ಗೌರವದೊಡನೆ ಕಾರ್ನ್‌ವಾಲಿಸನ ಶಿಬಿರಕ್ಕೆ ಬಂದರು. ಸುಲ್ತಾನನ ವಕೀಲ ಗುಲಾಂ ಅಲಿಯು ಅವರನ್ನು ಒಪ್ಪಿಸಿ, ಇನ್ನು ಮುಂದೆ ತಾವೇ ಇವರಿಗೆ ತಂದೆಯ ಸ್ಥಾನದಲ್ಲಿರಬೇಕು ಎಂಬರ್ಥದ ಮಾತನಾಡಿದನು. ಕಾರ್ನ್‌ವಾಲಿಸನು ಮಕ್ಕಳನ್ನು ಆದರದಿಂದ ಬರಮಾಡಿಕೊಂಡು ಒಬ್ಬೊಬ್ಬರಿಗೂ ಒಂದೊಂದು ಚಿನ್ನದ ಗಡಿಯಾರವನ್ನು ಕೊಟ್ಟನು.

ಪೀಠದ ಮೇಲಿನ ಉಬ್ಬುಶಿಲ್ಪದಲ್ಲಿ ಮೂಡಿರುವುದು ಈ ಸಂದರ್ಭವೇ. ಇಂಗ್ಲೆಂಡಿನಲ್ಲಿ ಈ ದೃಶ್ಯಕ್ಕೆ ದೊರೆತ ಪ್ರಚಾರ ಅಸಾಧಾರಣವಾದುದು. ಸೇನೆಯೊಡನೆಯೇ ಇದ್ದ ರಾಬರ್ಟ್ ಹೋಮನು ಇದನ್ನು ಚಿತ್ರಿಸಿದನು. ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಮೊದಲಾದ ಇತರ ಕಲಾವಿದರೂ ಚಿತ್ರಿಸಿದರು. ಅವುಗಳ ಮುದ್ರಿತ ಪ್ರತಿಗಳು ಮನೆಮನೆಗೆ ಹೋದವು. ಏಕೆ? ಬೆಂಗಳೂರಿನ ಕೋಟೆಗೋಡೆ ಒಡೆದದ್ದನ್ನೋ ಸಾವನದುರ್ಗದ ಬಂಡೆಯನ್ನು ಹತ್ತಿದ್ದನ್ನೋ ಪೀಠಕ್ಕೆ ಆರಿಸಿಕೊಳ್ಳಬಹುದಾಗಿತ್ತಲ್ಲವೇ? ಸೈನಿಕರ ದೃಷ್ಟಿಯಲ್ಲಿ ಅವೇ ದೊಡ್ಡ ಸಾಹಸಗಳು.

ಉತ್ತರ ಕಷ್ಟವಲ್ಲ. ಕೋಟೆಯನ್ನು ಮುರಿಯುವ ಚಿತ್ರದಲ್ಲಿ ಶೌರ್ಯವಿದೆ, ಆದರೆ ರಕ್ತವೂ ಇದೆ. ಮಕ್ಕಳನ್ನು ಕೈಹಿಡಿದು ಬರಮಾಡಿಕೊಳ್ಳುವ ಚಿತ್ರದಲ್ಲಿ ಗೆದ್ದವನು ದಯಾಳುವಾಗಿ ಕಾಣುತ್ತಾನೆ. ರಾಜ್ಯದ ಅರ್ಧವನ್ನು ಕಸಿದುಕೊಂಡ ಸಂಧಿಯು ತಂದೆಯೊಬ್ಬನ ಔದಾರ್ಯದ ವೇಷ ತೊಟ್ಟು ನಿಲ್ಲುತ್ತದೆ. ಮಕ್ಕಳು ತಾಯಿತಂದೆಯರನ್ನು ಬಿಟ್ಟು ಬಂದದ್ದು ಹಣದ ಕಂತಿಗೆ ಜಾಮೀನಾಗಿ ಎಂಬುದನ್ನು ನೋಡುವವನು ಮರೆತುಬಿಡುತ್ತಾನೆ. ಕಾರ್ನ್‌ವಾಲಿಸನು ಮಕ್ಕಳನ್ನು ಕ್ರೂರವಾಗಿ ನಡೆಸಿಕೊಂಡನೆಂದು ಹೇಳುವುದಕ್ಕೆ ಆಧಾರವಿಲ್ಲ. ಯುದ್ಧದ ಲೂಟಿಯಲ್ಲಿ ತನಗೆ ಸಲ್ಲಬೇಕಾಗಿದ್ದ ಭಾಗವನ್ನು ಸೈನಿಕರಿಗೆ ಬಿಟ್ಟುಕೊಟ್ಟ ಮನುಷ್ಯನವನು. ಆದರೆ ವ್ಯಕ್ತಿಯ ಸೌಜನ್ಯ ಬೇರೆ, ಕಾರ್ಯದ ಸ್ವರೂಪ ಬೇರೆ. ಇವೆರಡನ್ನೂ ಬೇರೆ ಬೇರೆಯಾಗಿ ತೂಗುವುದೇ ಚರಿತ್ರಕಾರನ ಧರ್ಮ. ಶಿಲ್ಪವು ಇವೆರಡನ್ನೂ ಒಂದಾಗಿಸಿ ತೋರಿಸುತ್ತದೆ.

ಶಿಲ್ಪಿ ಮತ್ತು ದಾನಿಗಳು

ವಿಗ್ರಹವನ್ನು ಕಡೆದವನು ಥಾಮಸ್ ಬ್ಯಾಂಕ್ಸ್ ಎಂಬ ಆಂಗ್ಲ ಶಿಲ್ಪಿ. 1735ರಲ್ಲಿ ಹುಟ್ಟಿ 1805ರಲ್ಲಿ, ಎಂದರೆ ಕಾರ್ನ್‌ವಾಲಿಸನು ತೀರಿಕೊಂಡ ವರ್ಷವೇ, ತೀರಿಕೊಂಡ ಈತನು ರೋಮಿನಲ್ಲಿ ಹಲವು ವರ್ಷ ಅಭ್ಯಾಸ ಮಾಡಿದವನು. ಪೆನೆಲೊಪಿ ಬೂತ್‌ಬಿ ಎಂಬ, ಆರು ವರ್ಷ ತುಂಬುವ ಮೊದಲೇ ತೀರಿಕೊಂಡ ಬಾಲಕಿಯ ಸಮಾಧಿಗಾಗಿ ಈತನು ಕಡೆದ ಮಲಗಿದ ಮಗುವಿನ ಶಿಲ್ಪ ಬಹಳ ಪ್ರಸಿದ್ಧವಾದುದು. 1793ರಲ್ಲಿ ಅದನ್ನು ಪ್ರದರ್ಶಿಸಿದಾಗ ಇಂಗ್ಲೆಂಡಿನ ರಾಣಿಯೇ ಕಣ್ಣೀರಿಟ್ಟಳಂತೆ. ಮಕ್ಕಳನ್ನು ಕಲ್ಲಿನಲ್ಲಿ ಮೂಡಿಸಬಲ್ಲ ಅದೇ ಕೈ ಮೈಸೂರಿನ ರಾಜಕುಮಾರರನ್ನೂ ಮೂಡಿಸಿತು. ಇನ್ನೊಂದು ವಿಚಿತ್ರವೆಂದರೆ ಬ್ಯಾಂಕ್ಸನು ಸುಧಾರಣಾವಾದಿಗಳ ಮಿತ್ರನಾಗಿದ್ದು, 1794ರಲ್ಲಿ ರಾಜದ್ರೋಹದ ಸಂಶಯಕ್ಕೆ ಗುರಿಯಾಗಿ ವಿಚಾರಣೆಯನ್ನು ಎದುರಿಸಿದ್ದನು. ಕಡೆಯುವವನ ಅಭಿಪ್ರಾಯ ಒಂದಿರಬಹುದು, ಕಡೆಸುವವನ ಅಭಿಪ್ರಾಯ ಇನ್ನೊಂದಿರಬಹುದು. ಕಲ್ಲಿನಲ್ಲಿ ಉಳಿಯುವುದು ಹಣ ಕೊಟ್ಟವನ ಅಭಿಪ್ರಾಯವೇ.

ಹಾಗಾದರೆ ಹಣ ಕೊಟ್ಟವರಾರು? ಪೀಠದ ಬರಹವೇ ಇದಕ್ಕೆ ಸಾಕ್ಷಿ. ಮದರಾಸಿನ ಪ್ರಮುಖ ನಿವಾಸಿಗಳೂ, ಆ ಪ್ರಾಂತದಲ್ಲಿದ್ದ ಕಂಪನಿಯ ಸಿವಿಲ್ ಮತ್ತು ಸೈನಿಕ ನೌಕರರೂ ಸೇರಿ, ಒಮ್ಮತದಿಂದ ತೀರ್ಮಾನಿಸಿ, ಜಂಟಿ ಖರ್ಚಿನಲ್ಲಿ ಇದನ್ನು ನಿಲ್ಲಿಸಿದರೆಂದು ಅದು ತಿಳಿಸುತ್ತದೆ. ಇವರ ಕೃತಜ್ಞತೆಗೆ ಬಲವಾದ ಕಾರಣವಿದ್ದಿತು. 1780ರಲ್ಲಿ ಹೈದರನ ದಂಡು ಕರ್ನಾಟಿಕ್ ಬಯಲಿಗೆ ಇಳಿದು, ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ನಿರ್ನಾಮ ಮಾಡಿದ್ದನ್ನು ಮದರಾಸಿನ ವರ್ತಕರು ಮರೆತಿರಲಿಲ್ಲ. ಆ ಭಯ ಕಳೆದ ನೆಮ್ಮದಿಗೆ ತೆತ್ತ ಕಾಣಿಕೆ ಈ ಅಮೃತಶಿಲೆ. ಬಾರಾಮಹಲಿನ ಅಥವಾ ಬೆಂಗಳೂರು ಪೇಟೆಯ ನಿವಾಸಿಗಳನ್ನು ಈ ವಿಷಯದಲ್ಲಿ ಯಾರೂ ಕೇಳಲಿಲ್ಲ.

ಸೂಯೆಜ್ ಕಾಲುವೆ ತೆರೆದುದು 1869ರಲ್ಲಿ. ಆದುದರಿಂದ ಈ ವಿಗ್ರಹವು ಆಫ್ರಿಕದ ತುದಿಯನ್ನು ಬಳಸಿ ಹಡಗಿನಲ್ಲಿ ಬರಬೇಕಾಯಿತು. ಅದು ಮದರಾಸಿನಲ್ಲಿ ನಿಂತದ್ದು 1800ರಲ್ಲಿ. ಅಷ್ಟರಲ್ಲಿ ಪೀಠದ ಮೇಲಿನ ಕಥೆಯೇ ಹಳತಾಗಿಬಿಟ್ಟಿತ್ತು! ಟಿಪ್ಪು ಹಣವನ್ನು ತೆತ್ತು ಮುಗಿಸಿ, 1794ರಲ್ಲಿ ದೇವನಹಳ್ಳಿಯಲ್ಲಿ ಮಕ್ಕಳನ್ನು ಮರಳಿ ಪಡೆದಿದ್ದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದಿದ್ದನು. ವಿಗ್ರಹವನ್ನು ನಿಲ್ಲಿಸಿದ ದಿನಗಳಲ್ಲಿ ಆ ಇಬ್ಬರೂ ಯುವಕರಾಗಿ, ತಮ್ಮ ಸೋದರರೊಡನೆ ವೇಲೂರಿನ ಕೋಟೆಯಲ್ಲಿ ಎರಡನೆಯ ಬಾರಿ ಆಂಗ್ಲರ ವಶದಲ್ಲಿದ್ದರು. ಕಲ್ಲಿನಲ್ಲಿ ಅವರನ್ನು ಕರುಣೆಯಿಂದ ಬರಮಾಡಿಕೊಳ್ಳಲಾಗುತ್ತಿತ್ತು. ಜೀವನದಲ್ಲಿ ಅವರಿಗೆ ಪಹರೆಯಿತ್ತು.

ವಿಗ್ರಹವು ಹೇಳದ ಮಾತು

ಯಾವ ವಿಗ್ರಹವನ್ನು ಓದುವಾಗಲೂ ಅದರಲ್ಲಿ ಏನಿದೆ ಎಂದು ಕೇಳಿದಷ್ಟೇ ಎಚ್ಚರದಿಂದ ಏನಿಲ್ಲ ಎಂದೂ ಕೇಳಬೇಕು. ಕಾರ್ನ್‌ವಾಲಿಸನ ಪೀಠದಲ್ಲಿ ಯಾರ್ಕ್‌ಟೌನ್ ಇಲ್ಲ. 1791ರ ಮಳೆಗಾಲದಲ್ಲಿ ಕೆಡಿಸಿದ ತೋಪುಗಳಿಲ್ಲ. ಸತ್ತ ಎತ್ತುಗಳಿಲ್ಲ. ದಂಡುಗಳು ತುಳಿದ ಹೊಲಗಳಿಲ್ಲ. ಆ ಯುದ್ಧದ ಕಾಲದಲ್ಲಿಯೇ, 1791ರಲ್ಲಿ, ಮರಾಠರ ಸವಾರರು ಶೃಂಗೇರಿ ಮಠವನ್ನು ಸೂರೆಮಾಡಿದರು; ಆ ಸಂಬಂಧವಾಗಿ ಟಿಪ್ಪು ಮಠಕ್ಕೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಮೂರು ಸೇನೆಗಳ ನಡುವೆ ಸಿಕ್ಕಿದ ಸಾಮಾನ್ಯ ರೈತನ ಪಾಡನ್ನು ಇದರಿಂದಲೇ ಊಹಿಸಬಹುದು.

ಯಾರ್ಕ್‌ಟೌನಿನ ಚಿತ್ರ ಎಲ್ಲಿದೆ ಎಂದರೆ, ಗೆದ್ದವರ ಮನೆಯಲ್ಲಿದೆ. ಜಾನ್ ಟ್ರಂಬುಲ್ ಎಂಬಾತನು ಬರೆದ ಆ ಶರಣಾಗತಿಯ ದೊಡ್ಡ ಚಿತ್ರವನ್ನು ವಾಷಿಂಗ್‌ಟನ್ನಿನ ಕ್ಯಾಪಿಟಲ್ ಭವನದಲ್ಲಿ ಇರಿಸಿದ್ದಾರೆ. ನಾವೂ ಇದಕ್ಕೆ ಹೊರತಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯನ್ನು ನೋಡಿರಿ. ಅಲ್ಲಿ ಪೊಳ್ಳಿಲೂರಿನ ಯುದ್ಧ ವಿಸ್ತಾರವಾಗಿ ಚಿತ್ರಿತವಾಗಿದೆ. ಹೈದರನೂ ಟಿಪ್ಪುವೂ ಗಂಭೀರವಾಗಿ ಆನೆ ಕುದುರೆಗಳ ಮೇಲಿದ್ದಾರೆ. ಗಾಯಗೊಂಡ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಆ ಗೋಡೆಯಲ್ಲಿ 1792ರ ಒತ್ತೆಯಾಳುಗಳಿಲ್ಲ. ಮದರಾಸಿನ ಪೀಠದಲ್ಲಿ 1780ರ ಬೇಲಿಯಿಲ್ಲ. ಇವೆರಡನ್ನೂ ಎದುರುಬದುರಾಗಿ ಇಟ್ಟು ಓದಿದವನಿಗೆ ಮಾತ್ರ ಆ ಹನ್ನೆರಡು ವರ್ಷಗಳ ಚರಿತ್ರೆ ಪೂರ್ಣವಾಗಿ ಕಾಣುತ್ತದೆ. ಒಂದನ್ನೇ ನೋಡಿದವನು ಅರ್ಧ ಸತ್ಯವನ್ನು ಹೊತ್ತು ಮನೆಗೆ ಹೋಗುತ್ತಾನೆ.

ಇನ್ನೊಂದು ಮಾತು. 1792ರಲ್ಲಿ ಕಂಪನಿಗೆ ಸೇರಿದ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಎಂಬ ಸೈನಿಕ ಅಧಿಕಾರಿಗಳು ಕಂದಾಯದ ವ್ಯವಸ್ಥೆಗೆ ತೊಡಗಿದರು. ಅವರು ಅಲ್ಲಿ ರೈತನೊಡನೆಯೇ ನೇರವಾಗಿ ಲೆಕ್ಕವಿಡುವ ಪದ್ಧತಿಯನ್ನು ರೂಢಿಸಿದರು. ಮುಂದೆ ದಕ್ಷಿಣ ಭಾರತದ ಬಹುಭಾಗಕ್ಕೆ ಹರಡಿದ ರೈತವಾರಿ ಪದ್ಧತಿಯ ಮೂಲ ಅಲ್ಲಿದೆ. ಜಮೀನ್ದಾರಿಯನ್ನು ಶಾಶ್ವತಗೊಳಿಸಿದ ಕಾರ್ನ್‌ವಾಲಿಸನು ಗೆದ್ದುಕೊಟ್ಟ ನೆಲದಲ್ಲಿಯೇ ಅವನ ಪದ್ಧತಿಗೆ ಪ್ರತಿಯಾದ ಪದ್ಧತಿ ಹುಟ್ಟಿತು. ಜನರ ಬಾಳಿನ ಮೇಲೆ ಇದು ಬೀರಿದ ಪರಿಣಾಮ ಯಾವ ಯುದ್ಧಕ್ಕಿಂತಲೂ ಕಡಮೆಯದಲ್ಲ. ಆದರೆ ಕಂದಾಯದ ಲೆಕ್ಕವನ್ನು ಯಾವ ಶಿಲ್ಪಿಯೂ ಕೆತ್ತುವುದಿಲ್ಲ.

ಸ್ಥಳಾಂತರದ ಕಥೆ

ವಿಗ್ರಹವು ಮೊದಲು ಕೋಟೆಯೊಳಗಿನ ಕವಾಯತು ಮೈದಾನದಲ್ಲಿ ಕಂಬಗಳ ಮಂಟಪದ ಕೆಳಗೆ ನಿಂತಿತ್ತು. ಆಡಳಿತದ ಹೃದಯಸ್ಥಾನವದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕಡಲ ದಂಡೆಯ ರಸ್ತೆಯಲ್ಲಿದ್ದ ಬೆಂಟಿಂಕ್ ಕಟ್ಟಡದ ಬಳಿಗೆ ಸಾಗಿಸಿದರು. ಅಲ್ಲಿ ಉಪ್ಪುಗಾಳಿಯಿಂದ ಶಿಲೆಗೆ ಹಾನಿಯಾಗತೊಡಗಿತು. ಇದರ ಕಾರಣವನ್ನು ವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಲ್ಲರು. ಅಮೃತಶಿಲೆ ಎಂಬುದು ಸುಣ್ಣದ ಕಲ್ಲಿನ ಮಾರ್ಪಾಡು. ತೇವದೊಡನೆ ಅದರ ಸೂಕ್ಷ್ಮ ರಂಧ್ರಗಳಿಗೆ ಇಳಿದ ಉಪ್ಪು ಒಣಗುವಾಗ ಹರಳುಗಟ್ಟಿ ಹಿಗ್ಗುತ್ತದೆ, ಮೇಲ್ಮೈ ಪುಡಿಪುಡಿಯಾಗುತ್ತದೆ. ನಮ್ಮ ಕರಿಯ ಕಲ್ಲಿಗೂ ಕಣಶಿಲೆಗೂ ಇರುವ ತಾಳಿಕೆ ಈ ಬಿಳಿಯ ಶಿಲೆಗಿಲ್ಲ. ಅಲ್ಲಿಂದ ವಿಗ್ರಹವು ಕನ್ನಿಮೆರಾ ಗ್ರಂಥಾಲಯಕ್ಕೆ ಬಂದು, ಕಡೆಗೆ ಕೋಟೆಯ ವಸ್ತುಸಂಗ್ರಹಾಲಯವನ್ನು ಸೇರಿತು. ಈ ಸಂಗ್ರಹಾಲಯ 1948ರಲ್ಲಿ ತೆರೆದುದು. ಅದರ ಕಟ್ಟಡವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವರ್ತಕರ ವಿನಿಮಯಶಾಲೆಯಾಗಿದ್ದುದು. ಮದರಾಸಿನ ಮೊದಲ ದೀಪಸ್ತಂಭ ಉರಿದದ್ದೂ ಅದರ ಮೇಲೆಯೇ. ವಿಗ್ರಹಕ್ಕೆ ಹಣ ಕೂಡಿಸಿದಂಥ ವರ್ತಕರ ಮನೆಗೇ ವಿಗ್ರಹವು ಬಂದು ಸೇರಿದಂತಾಯಿತು. ಖಾಲಿಯಾದ ಮಂಟಪ ಕೋಟೆಯಲ್ಲಿ ಉಳಿದುಕೊಂಡಿದೆ.

ಕಾರ್ನ್‌ವಾಲಿಸನ ಬೇರೆ ಸ್ಮಾರಕಗಳ ಗತಿಯನ್ನು ಇದರೊಡನೆ ಹೋಲಿಸಬಹುದು. ಕಲ್ಕತ್ತೆಯಲ್ಲಿ ಬೇಕನ್ ಶಿಲ್ಪಿಗಳು ಕಡೆದ ವಿಗ್ರಹ ವಿಕ್ಟೋರಿಯಾ ಸ್ಮಾರಕ ಭವನದಲ್ಲಿದೆ. ಮುಂಬಯಿಯಲ್ಲಿದ್ದ ವಿಗ್ರಹಕ್ಕೆ ಜನರು ಹೂವೇರಿಸಿ ದೇವರಂತೆ ಪೂಜಿಸುತ್ತಿದ್ದರೆಂದು ಹಳೆಯ ಬರಹಗಳು ಹೇಳುತ್ತವೆ. ಅದೇ ವಿಗ್ರಹ 1960ರ ದಶಕದಲ್ಲಿ ಭಗ್ನಗೊಂಡು ಬೈಕಲಾದ ಸಂಗ್ರಹಾಲಯದ ಆವರಣವನ್ನು ಸೇರಿತು. ಬೆಂಗಳೂರಿನಲ್ಲಿ 1791ರ ಮುತ್ತಿಗೆಯಲ್ಲಿ ಮಡಿದ ಆಂಗ್ಲ ಪಕ್ಷದ ಸೈನಿಕರ ನೆನಪಿಗಾಗಿ ಇಂದಿನ ಹಡ್ಸನ್ ವೃತ್ತದ ಬಳಿ ನಿಲ್ಲಿಸಿದ್ದ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು.

ಪೂಜಿಸುವುದು, ಒಡೆಯುವುದು, ಒಳಗಿಟ್ಟು ಓದುವುದು ಎಂದು ಮೂರು ದಾರಿಗಳು ಹೀಗೆ ನಮ್ಮ ಮುಂದಿವೆ. ಪೂಜಿಸಿದವರಿಗೆ ಅದು ಯಾರ ವಿಗ್ರಹವೆಂಬುದು ತಿಳಿದಿರಲಿಲ್ಲ. ಒಡೆದವರ ಕೋಪಕ್ಕೆ ಕಾರಣವಿಲ್ಲವೆನ್ನಲಾಗದು. ಸ್ವತಂತ್ರ ದೇಶದ ಚೌಕದಲ್ಲಿ ಪರರ ಜಯಸ್ತಂಭವೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಚೌಕದಲ್ಲಿ ನಿಲ್ಲಿಸುವುದೆಂದರೆ ಗೌರವ ಸಲ್ಲಿಸಿದಂತೆ. ಆದರೆ ಒಡೆದ ಕಲ್ಲು ಮತ್ತೆ ಸಾಕ್ಷಿ ನುಡಿಯದು. ಸಂಗ್ರಹಾಲಯದ ಸೂರಿನಡಿ ಇರಿಸಿದರೆ ಗೌರವದ ಸ್ಥಾನ ತಪ್ಪುತ್ತದೆ, ಸಾಕ್ಷ್ಯದ ಸ್ಥಾನ ಉಳಿಯುತ್ತದೆ. ಆದುದರಿಂದ ಮದರಾಸಿನ ದಾರಿಯೇ ವಿವೇಕದ ದಾರಿಯೆಂದು ನನ್ನ ಅಭಿಪ್ರಾಯ. ಆದರೆ ಒಂದು ಷರತ್ತಿದೆ. ಒಳಗಿಟ್ಟ ಮೇಲೆ ಅದನ್ನು ಓದಿ ಹೇಳುವವರೂ ಬೇಕು. ಓದುವವರಿಲ್ಲದ ಸಂಗ್ರಹಾಲಯಕ್ಕೂ ಉಗ್ರಾಣಕ್ಕೂ ವ್ಯತ್ಯಾಸವಿಲ್ಲ.

ವಿದ್ಯಾರ್ಥಿಮಿತ್ರರಿಗೆ

ಈ ಅಧ್ಯಯನದಿಂದ ನಾವು ಹೊರಡಿಸಬಹುದಾದ ಸೂತ್ರ ಸರಳವಾದುದು. ಯಾವ ಸ್ಮಾರಕವನ್ನು ಕಂಡರೂ ಐದು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಮಾಡಿಸಿದವರು ಯಾರು? ಯಾವಾಗ ಮಾಡಿಸಿದರು? ಇದರಲ್ಲಿ ಯಾವ ಘಟನೆಯನ್ನು ಆರಿಸಿಕೊಂಡಿದ್ದಾರೆ? ಯಾವುದನ್ನು ಬಿಟ್ಟಿದ್ದಾರೆ? ಮೊದಲು ಎಲ್ಲಿದ್ದುದು ಈಗ ಎಲ್ಲಿದೆ? ಈ ಪ್ರಶ್ನೆಗಳನ್ನು ಕೇಳಲು ಚೆನ್ನೈಗೇ ಹೋಗಬೇಕೆಂದಿಲ್ಲ. ನಿಮ್ಮ ಊರಿನ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಅರ್ಧ ಹೂತ ವೀರಗಲ್ಲೋ ಮಾಸ್ತಿಕಲ್ಲೋ ಇದ್ದೀತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲು, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಹೆಸರನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದಿದೆ. ಒಂದು ನಾಯಿಯ ನಿಷ್ಠೆಯನ್ನು ಮರೆಯದ ನಾಡಿನಲ್ಲಿ ಹುಟ್ಟಿದ ನಾವು ಒತ್ತೆಯಿಟ್ಟ ಇಬ್ಬರು ಮಕ್ಕಳನ್ನು ಮರೆಯಲಾದೀತೇ?

ಕಾರ್ನ್‌ವಾಲಿಸನ ವಿಗ್ರಹವನ್ನು ನೋಡಲು ಹೋದವರು ಸಾಮಾನ್ಯವಾಗಿ ತಲೆಯೆತ್ತಿ ಅವನ ಮುಖವನ್ನು ನೋಡಿ ಹಿಂದಿರುಗುತ್ತಾರೆ. ಕನ್ನಡದ ವಿದ್ಯಾರ್ಥಿಯು ವೀರಗಲ್ಲನ್ನು ಓದುವಂತೆ ಕೆಳಗಿನಿಂದ ತೊಡಗಲಿ. ಮೊದಲು ಪೀಠದ ಮಕ್ಕಳನ್ನು ನೋಡಲಿ, ಅವರು ಬಂದ ಊರನ್ನು ನೆನೆಯಲಿ, ಅವರನ್ನು ಕಳುಹಿಸಿದವನ ಸೋಲನ್ನೂ ಅವನ ತಪ್ಪುಗಳನ್ನೂ ಪಕ್ಷಪಾತವಿಲ್ಲದೆ ಅರಿಯಲಿ. ಅನಂತರ ಮೇಲಿನ ಮುಖವನ್ನು ನೋಡಲಿ. ಆಗ ಆ ಮುಖದಲ್ಲಿ ದೇವತೆಯೂ ಕಾಣುವುದಿಲ್ಲ, ರಾಕ್ಷಸನೂ ಕಾಣುವುದಿಲ್ಲ. ಒಂದು ಸೋಲನ್ನು ಉಂಡು, ಒಂದು ಗೆಲುವನ್ನು ಗಳಿಸಿ, ತನ್ನ ದೇಶಕ್ಕೆ ದುಡಿದು, ಪರದೇಶದ ಮಣ್ಣಿನಲ್ಲಿ ಮಲಗಿದ ಒಬ್ಬ ಮನುಷ್ಯ ಕಾಣುತ್ತಾನೆ. ಅಷ್ಟು ಕಂಡರೆ ಆ ಕಲ್ಲನ್ನು ಕಾಪಾಡಿದ್ದು ಸಾರ್ಥಕ.